ಕೋಡ್ ಅಳಿಸುವ ಮುನ್ನ

ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಚಿತ್ರ ಹೊತ್ತಿಕೊಂಡರೆ ಕೆಲವರು ‘ಗಾಡಿ ಓಡ್ತಾ ಇದೆಯಲ್ಲ’ ಎಂದು ತಿಂಗಳುಗಟ್ಟಲೆ ಹಾಗೇ ಓಡಿಸುತ್ತಾರೆ. ಇನ್ನು ಕೆಲವರು ಗ್ಯಾರೇಜಿಗೆ ಹೋಗಿ, ಸ್ಕ್ಯಾನರ್ ಹಾಕಿಸಿ, ಅದು ಹೆಸರು ಹೇಳಿದ ಸೆನ್ಸರನ್ನು ಬದಲಿಸಿಕೊಂಡು ಬರುತ್ತಾರೆ. ಎಷ್ಟೋ ಸಲ ವಾರದೊಳಗೆ ದೀಪ ಮತ್ತೆ ಹಾಜರ್. ಸ್ಕ್ಯಾನರ್ ತೋರಿಸುವ ದೋಷದ ಕೋಡ್ ಎಂಬುದು ದೂರು, ತೀರ್ಪಲ್ಲ. ತೀರ್ಪಿಗೆ ಬೇಕಾದ ಸಾಕ್ಷಿಯನ್ನು ಮನೆ ಮುಂದೆಯೇ ಕಲೆಹಾಕಬಹುದು.

ಬೇಕಾದ ಸಾಮಾನು ಕಡಿಮೆ. 2013ರ ಏಪ್ರಿಲ್‌ನಿಂದೀಚೆಗೆ ನಮ್ಮಲ್ಲಿ ತಯಾರಾದ ಕಾರುಗಳಿಗೆ ದೋಷಗಳನ್ನು ತಾನೇ ಗುರುತಿಸಿ ದಾಖಲಿಸುವ ಓಬಿಡಿ-2 ವ್ಯವಸ್ಥೆ ಕಡ್ಡಾಯ. ಸ್ಟೀರಿಂಗ್ ಕೆಳಗೆ ಕೈಯಾಡಿಸಿದರೆ 16 ಪಿನ್ನಿನ ಸಾಕೆಟ್ ಸಿಗುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಡಾಂಗಲ್ ಸಾವಿರ ರೂಪಾಯಿಯೊಳಗೂ ಬರುತ್ತದೆ. ಉಳಿದದ್ದು ಮೊಬೈಲ್ ಆ್ಯಪ್‌ನ ಕೆಲಸ. ಕಾರು ಮಾತ್ರ ಬಯಲಲ್ಲೇ ಇರಲಿ. ಬೇಸ್‌ಮೆಂಟಿನಲ್ಲಿ ಎಂಜಿನ್ ಓಡಿಸುತ್ತ ಕೂತರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯ ಸುಳಿವೂ ಕೊಡದೆ ಪ್ರಾಣ ತೆಗೆಯುತ್ತದೆ.

ಆ್ಯಪ್ ತೆರೆದ ಕೂಡಲೇ ‘ಕ್ಲಿಯರ್’ ಒತ್ತಲು ಕೈ ತುರಿಸುತ್ತದೆ. ಒತ್ತಬೇಡಿ. ಕೋಡಿನ ಜೊತೆಗೆ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ. ದೋಷ ದಾಖಲಾದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು, ಗಾಡಿ ನಿಂತಿತ್ತೋ ಏರು ಹತ್ತುತ್ತಿತ್ತೋ ಎಲ್ಲವೂ ಅಲ್ಲಿರುತ್ತದೆ. ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದಿಡಿ.

ಪಿ0171 ಎಂಬ ಕೋಡನ್ನು ನೋಡೋಣ. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ ಎಂಬ ದೂರು ಅದು. ಇಲ್ಲಿ ನೋಡಬೇಕಾದದ್ದು ಫ್ಯೂಯಲ್ ಟ್ರಿಮ್: ಗಾಳಿಗೆ ತಕ್ಕಂತೆ ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಏರಿಳಿಸುತ್ತಿದೆ ಎಂಬ ಲೆಕ್ಕ. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡನ್ನೂ ಕೂಡಿಸಿ ಪ್ಲಸ್ ಅಥವಾ ಮೈನಸ್ ಹತ್ತರೊಳಗೆ ಇದ್ದರೆ ಚಿಂತೆಯಿಲ್ಲ. ಶೇ 20 ಎಥನಾಲ್ ಬೆರೆತ ಈಗಿನ ಪೆಟ್ರೋಲಿನಿಂದ ಹಳೆಯ ಕಾರುಗಳಲ್ಲಿ ಈ ಅಂಕ ಕೊಂಚ ಪ್ಲಸ್ ಕಡೆ ವಾಲುವುದೂ ಸಹಜ.

ನಮ್ಮ ಬೀದಿಯ ಹಳೆಯ ಹ್ಯಾಚ್‌ಬ್ಯಾಕೊಂದರಲ್ಲಿ ಐಡಲಿಂಗ್‌ನಲ್ಲಿ ಟ್ರಿಮ್ ಪ್ಲಸ್ 22 ಇತ್ತು. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಹಿಡಿದಾಗ ನಾಲ್ಕಕ್ಕೆ ಇಳಿಯಿತು. ಎಲ್ಲೋ ಗಾಳಿ ಕಳ್ಳತನದಿಂದ ಒಳನುಗ್ಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸುಳಿವು ಬೇಕಿಲ್ಲ. ಐಡಲಿಂಗ್‌ನಲ್ಲಿ ಒಟ್ಟು ಗಾಳಿಯೇ ಕಮ್ಮಿಯಿರುವಾಗ ಕದ್ದ ಗಾಳಿಯ ಪಾಲು ದೊಡ್ಡದಾಗುತ್ತದೆ. ಹುಡುಕಿದರೆ ಸಿಕ್ಕಿದ್ದು ಎಂಜಿನ್ ಒಳಗಿನ ಆವಿಯನ್ನು ಮತ್ತೆ ಗಾಳಿಯ ದಾರಿಗೆ ಒಯ್ಯುವ ಪಿಸಿವಿ ಹೋಸ್: ಕ್ಲಿಪ್ ಕೆಳಗೆ, ಮೇಲಿಂದ ಕಾಣದ ಕಡೆ, ರಬ್ಬರ್ ಬಿರುಸಾಗಿ ಬೆರಳುಗುರಿನಷ್ಟು ಸೀಳಿತ್ತು. ಆರ್‌ಪಿಎಂ ಏರಿದಂತೆ ಟ್ರಿಮ್ ಕೂಡ ಏರಿದ್ದರೆ ಹೋಸ್ ಬಿಟ್ಟು ಪೆಟ್ರೋಲ್ ಪಂಪು, ಫಿಲ್ಟರ್, ಗಾಳಿ ಅಳೆಯುವ ಸೆನ್ಸರಿನ ಕಡೆ ತಿರುಗಬೇಕಿತ್ತು.

ಜೇಬಿಗೆ ಹೆಚ್ಚು ಭಾರವಾಗುವುದು ಪಿ0420. ಎಂಜಿನ್ ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ದೂರು. ಒಳಗಿನ ಲೇಪನ ಪ್ಲಾಟಿನಂ, ಪಲೇಡಿಯಂ, ರೋಡಿಯಂನಂಥ ಲೋಹಗಳದ್ದು. ಬೆಲೆ ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಅದರ ಹಿಂದೊಂದು ಮುಂದೊಂದು ಆಮ್ಲಜನಕ ಸೆನ್ಸರ್ ಇರುತ್ತದೆ. ಎಂಜಿನ್ ಕಡೆಯದು 0.1ರಿಂದ 0.9 ವೋಲ್ಟ್ ನಡುವೆ ಸದಾ ತುಯ್ದಾಡಬೇಕು, ಸೈಲೆನ್ಸರ್ ಕಡೆಯದು 0.6, 0.7ರ ಸುಮಾರಿಗೆ ನೆಟ್ಟಗಿರಬೇಕು. ಎರಡನೆಯದೂ ಮೊದಲನೆಯದರಂತೆ ಕುಣಿಯತೊಡಗಿದರೆ ಕನ್ವರ್ಟರ್ ಮೇಲೆ ಅನುಮಾನ ಪಡಬಹುದು. (ಕೆಲವು ಹೊಸ ಕಾರುಗಳ ಮೊದಲ ಸೆನ್ಸರ್ ಬೇರೆ ಬಗೆಯದು, ಅದಕ್ಕೆ ಈ ವೋಲ್ಟ್ ಲೆಕ್ಕ ಹೊಂದದು.)

ಆಗಲೂ ಆತುರ ಬೇಡ. ಎಕ್ಸಾಸ್ಟ್ ಪೈಪಿನ ಜಾಯಿಂಟಿನಲ್ಲಿ ಸಣ್ಣ ಸೋರಿಕೆ ಇದ್ದರೂ ಹೊರಗಿನ ಗಾಳಿ ಒಳಸೇರಿ ಸೆನ್ಸರಿಗೆ ಮಂಕುಬೂದಿ ಎರಚುತ್ತದೆ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಜಾಯಿಂಟುಗಳಿಗೆ ಸೋಪಿನ ನೀರು ಸವರಿ ಸ್ಟಾರ್ಟ್ ಮಾಡಿದರೆ ಗುಳ್ಳೆಯೇ ಜಾಗ ತೋರಿಸುತ್ತದೆ. ಮಿಸ್‌ಫೈರ್ ಆಗಿ ಉರಿಯದೆ ಉಳಿದ ಪೆಟ್ರೋಲು, ಎಂಜಿನ್ ಕುಡಿಯುವ ಆಯಿಲ್ ಎರಡೂ ಕನ್ವರ್ಟರ್ ಕೊಲ್ಲುತ್ತವೆ. ಮೂಲ ಕಾರಣ ಬಿಟ್ಟು ಹೊಸದು ಹಾಕಿದರೆ ಅದರ ಗತಿಯೂ ಅಷ್ಟೇ. ದೀಪ ಬರೀ ಬೆಳಗದೆ ಮಿನುಗುತ್ತಿದ್ದರೆ ಮಿಸ್‌ಫೈರ್ ಜೋರಾಗಿದೆ ಎಂದರ್ಥ. ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ.

‘ಎಮಿಷನ್ ಟೆಸ್ಟ್ ಪಾಸಾಗಿದೆ’ ಎಂಬ ಸಮಾಧಾನವೂ ಅರ್ಧ ಸತ್ಯ. ಪೆಟ್ರೋಲ್ ಕಾರಿಗೆ ಆ ಕೇಂದ್ರಗಳಲ್ಲಿ ಅಳೆಯುವುದು ಸೈಲೆನ್ಸರಿನಿಂದ ಹೊರಬರುವ ಅನಿಲವನ್ನು ಮಾತ್ರ; ಓಬಿಡಿ ಸಾಕೆಟ್ ಯಾರೂ ಮುಟ್ಟುವುದಿಲ್ಲ. ದೀಪ ಉರಿಯುತ್ತಲೇ ವರ್ಷದ ಸರ್ಟಿಫಿಕೇಟ್ ಕೈಗೆ ಬರಬಹುದು.

ಕನ್ವರ್ಟರ್ ಬದಲಿಸಲೇಬೇಕು ಎಂದು ಯಾರಾದರೂ ಹೇಳಿದರೆ ದುಡ್ಡು ತೆಗೆಯುವ ಮುನ್ನ ಎರಡು ಪ್ರಶ್ನೆ ಕೇಳಿ: ಹಿಂದಿನ ಸೆನ್ಸರಿನ ಗ್ರಾಫ್ ತೋರಿಸುತ್ತೀರಾ? ಜಾಯಿಂಟುಗಳಲ್ಲಿ ಸೋರಿಕೆ ನೋಡಿದಿರಾ? ಎರಡಕ್ಕೂ ಉತ್ತರ ಸಿಗದಿದ್ದರೆ ಕಾರು ಮನೆಗೆ ತನ್ನಿ.