ಬಂದೆ ತಡಿ, ಎಬ್ಬಿಸ್ತೀನಿ

ಲೆಫ್ಟ್ 4 ಡೆಡ್ ಎಂಬ ಕಂಪ್ಯೂಟರ್ ಆಟದಲ್ಲಿ ಹಂಟರ್ ಎಂಬ ಜಾಂಬಿಯಿದೆ. ಸ್ವೆಟರಿನ ಟೋಪಿಯನ್ನು ತಲೆಗೆ ಎಳೆದುಕೊಂಡು ಕತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಗುರುಗುಟ್ಟುತ್ತದೆ, ಒಂದೇ ನೆಗೆತಕ್ಕೆ ಬಂದು ಎದೆಯ ಮೇಲೆ ಕೂರುತ್ತದೆ. ಆಮೇಲೆ ಕೈಯಲ್ಲಿ ಎಂಥ ಬಂದೂಕಿದ್ದರೂ, ಬೆರಳು ಎಷ್ಟೇ ಚುರುಕಾಗಿದ್ದರೂ ನಾವಾಗಿ ಬಿಡಿಸಿಕೊಳ್ಳುವಂತಿಲ್ಲ. ಗೆಳೆಯನೊಬ್ಬ ಓಡಿಬಂದು ಅದನ್ನು ತಳ್ಳಬೇಕು, ಇಲ್ಲವೇ ಹೊಡೆದುರುಳಿಸಬೇಕು. ‘ಲೋ, ಮೇಲೆ ಬಿದ್ದಿದೆ, ಬಾರೋ ಬೇಗ’ ಎಂದು ಕೂಗುವುದೊಂದೇ ದಾರಿ. ಈ ಆಟದ ಸೊಗಸೆಲ್ಲ ಹುಟ್ಟಿರುವುದು ಈ ಒಂದು ಕಟ್ಟಳೆಯಿಂದ ಎಂದೇ ನನಗನಿಸುತ್ತದೆ.

ವಾಲ್ವ್ ಕಂಪನಿ 2008ರ ನವೆಂಬರಿನಲ್ಲಿ ಇದನ್ನು ಹೊರತಂದಿತು. ರೂಪಿಸಿದ್ದು ಟರ್ಟಲ್ ರಾಕ್ ಸ್ಟುಡಿಯೋದ ಮೈಕ್ ಬೂತ್ ಮತ್ತು ಅವರ ತಂಡ. ಬೀಜ ಬಿದ್ದದ್ದು ಕೌಂಟರ್-ಸ್ಟ್ರೈಕ್ ಆಟದಲ್ಲಿ: ಬರೀ ಚಾಕು ಹಿಡಿದು ನುಗ್ಗುವ ಕಂಪ್ಯೂಟರ್ ಆಟಗಾರರ ಹಿಂಡನ್ನು ಬಂದೂಕು ಹಿಡಿದ ಕೆಲವೇ ಜನ ತಡೆಯುವ ಪ್ರಯೋಗದಲ್ಲಿ. ಮರುವರ್ಷವೇ ಎರಡನೆಯ ಭಾಗ ಬಂತು. ನಾವು ನಾಲ್ವರು ಗೆಳೆಯರು ಆಡುವುದು ಅದನ್ನೇ. ಕೋಚ್, ಎಲ್ಲಿಸ್, ನಿಕ್, ರೋಶೆಲ್ ಎಂಬ ನಾಲ್ವರು ಅಮೆರಿಕದ ದಕ್ಷಿಣದ ಸವಾನಾದಿಂದ ನ್ಯೂ ಆರ್ಲಿಯನ್ಸ್‌ವರೆಗೆ ಜೀವ ಉಳಿಸಿಕೊಂಡು ಹೋಗುವ ಕಥೆ.

ತೆರೆಯ ಹಿಂದೆ ಐದನೆಯವನೊಬ್ಬ ಇದ್ದಾನೆ. ‘ಡೈರೆಕ್ಟರ್’ ಎಂದು ಅದಕ್ಕೆ ಹೆಸರು, ಅದೊಂದು ಪ್ರೋಗ್ರಾಮ್. ಯಾರಿಗೆ ಎಷ್ಟು ಪೆಟ್ಟಾಯಿತು, ಯಾರ ಮೈಮೇಲೆ ಎಷ್ಟು ಜಾಂಬಿಗಳು ಮುಗಿಬಿದ್ದವು ಎಂಬುದನ್ನೆಲ್ಲ ನೋಡಿ ಪ್ರತಿಯೊಬ್ಬರ ಉದ್ವೇಗವನ್ನು ಅದು ಅಳೆಯುತ್ತಿರುತ್ತದೆ. ಉದ್ವೇಗ ತುದಿ ಮುಟ್ಟಿದಾಗ ಹಿಂಡನ್ನು ತಡೆದು ಒಂದಿಷ್ಟು ಬಿಡುವು ಕೊಡುತ್ತದೆ. ಹಾಗಾಗಿ ಅದೇ ಬೀದಿ ಮುಂದಿನ ವಾರಕ್ಕೆ ಬೇರೆಯೇ ಆಗಿರುತ್ತದೆ. ಗುಂಡಿನ ಸದ್ದಿಗಿಂತ ಆ ಬಿಡುವೇ ನನಗೆ ಹೆಚ್ಚು ಪ್ರಿಯ. ಬಂದೂಕು ತುಂಬಿಕೊಳ್ಳುತ್ತ, ‘ಯಾರ ಹತ್ರ ಮಾತ್ರೆ ಇದೆ?’ ಎಂದು ವಿಚಾರಿಸುತ್ತ, ನಡುವೆ ಒಬ್ಬನ ಮಗಳ ಶಾಲೆಯ ಸುದ್ದಿ, ಇನ್ನೊಬ್ಬನ ಮನೆ ಬಾಡಿಗೆಯ ಸುದ್ದಿ. ಮೈಸೂರು, ಪುಣೆ, ಡಬ್ಲಿನ್ ಎಂದು ಚದುರಿಹೋದವರು ನಾವು. ಫೋನ್ ಮಾಡಿ ಹೇಳದ ಎಷ್ಟೋ ಮಾತುಗಳು ಇಲ್ಲಿ ಹೊರಬರುತ್ತವೆ.

ಆಗ ಎಲ್ಲೋ ದೂರದಲ್ಲಿ ಹೆಣ್ಣೊಬ್ಬಳು ಬಿಕ್ಕುವುದು ಕೇಳುತ್ತದೆ. ಅವಳು ವಿಚ್. ಟಾರ್ಚ್ ಬೆಳಕು ಬೀಳಿಸಿದರೆ, ತೀರಾ ಹತ್ತಿರ ಹೋದರೆ ಎದ್ದು ಮೈಮೇಲೆರಗುತ್ತಾಳೆ. ನಾಲ್ವರ ಮಾತೂ ಒಮ್ಮೆಲೇ ಪಿಸುಮಾತಾಗುತ್ತದೆ. ಆಟದೊಳಗಿನ ಜಾಂಬಿಗೆ ನಮ್ಮ ದನಿ ಕೇಳಿಸುವುದಿಲ್ಲವೆಂದು ಎಲ್ಲರಿಗೂ ಗೊತ್ತು, ಆದರೂ! ಒಂದೊಂದು ದೊಡ್ಡ ಜಾಂಬಿಗೂ ಒಂದೊಂದು ನಾದವಿದೆ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಮೊದಲೇ ಚೆಂಡೆ ಅದನ್ನು ಸಾರುವಂತೆ. ಟ್ಯಾಂಕ್ ಎಂಬ ದೈತ್ಯ ಜಾಂಬಿ ಬರುವಾಗಿನ ವಾದ್ಯಘೋಷ ಕಿವಿಗೆ ಬಿದ್ದರೆ ಸಾಕು, ನೋಡುವ ಮೊದಲೇ ಅಂಗೈ ಬೆವರುತ್ತದೆ.

ಆಟದೊಳಗಿನ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಮೇಲು ‘ಹಾರ್ಡ್ ರೇನ್’. ದೋಣಿಗೆ ಡೀಸೆಲ್ ಬೇಕು. ಊರು ದಾಟಿ, ಸಕ್ಕರೆ ಕಾರ್ಖಾನೆ ಹಾಯ್ದು, ಕಬ್ಬಿನ ಗದ್ದೆಯೊಳಗಿಂದ ಪೆಟ್ರೋಲ್ ಬಂಕ್ ಸೇರಿ, ಕ್ಯಾನು ಹೊತ್ತು ಬಂದ ದಾರಿಯಲ್ಲೇ ಮರಳಬೇಕು. ಅಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಹೋಗುವಾಗ ಒಣಗಿದ್ದ ಬೀದಿಯಲ್ಲಿ ಈಗ ನೀರು. ಕಾಲು ಎತ್ತಿಡುವುದೇ ನಿಧಾನ. ಗಾಳಿ ಜೋರಾದಾಗ ಮುಂದಿನವನ ಬೆನ್ನೂ ಕಾಣದು. ಮದ್ದೂರಿನ ಕಡೆಯ ಗೆಳೆಯ ಆ ಗದ್ದೆಗೆ ಬಂದಾಗಲೆಲ್ಲ ಮುಂದಾಳಾಗುತ್ತಾನೆ. ‘ಕಬ್ಬಿನೊಳಗೆ ದಿಕ್ಕು ತಪ್ಪುತ್ತೆ, ಒಬ್ಬರ ಹಿಂದೊಬ್ಬರು ಬನ್ರೋ’ ಎನ್ನುವಾಗ ಅವನ ದನಿಯಲ್ಲಿ ಆಟವಿರುವುದಿಲ್ಲ, ಬಾಲ್ಯವಿರುತ್ತದೆ. ಗೊತ್ತಿದ್ದ ದಾರಿಯನ್ನೇ ಗುರುತು ಸಿಗದಂತೆ ಮಾಡಿ ಮತ್ತೆ ನಡೆಸುವ ಈ ಉಪಾಯಕ್ಕೆ ಸಮನಾದದ್ದನ್ನು ನಾನು ಬೇರೆ ಆಟಗಳಲ್ಲಿ ಕಂಡಿಲ್ಲ.

ಇನ್ನು ಮಾತ್ರೆಯ ವಿಷಯ. ಪ್ರತಿಯೊಬ್ಬನ ಸೊಂಟದಲ್ಲಿ ಮಾತ್ರೆಯ ಶೀಶೆ, ಬೆನ್ನಿಗೆ ಔಷಧದ ಕೆಂಪು ಚೀಲ. ಇದ್ದರೆ ಎದ್ದು ಕಾಣುತ್ತವೆ. ಯಾರಲ್ಲಿ ಏನಿದೆ ಎಂದು ಕೇಳದೆಯೇ ತಿಳಿಯುತ್ತದೆ, ಬಚ್ಚಿಡಲಾಗದು. ಎರಡು ಸಲ ಬಿದ್ದು ಎದ್ದವನಿಗೆ ತೆರೆಯೆಲ್ಲ ಕಪ್ಪು-ಬಿಳುಪಾಗುತ್ತದೆ, ಎದೆಬಡಿತ ಕೇಳತೊಡಗುತ್ತದೆ. ಇನ್ನೊಮ್ಮೆ ಬಿದ್ದರೆ ಸಾವೇ. ಅವನು ಏನನ್ನೂ ಕೇಳಿರುವುದಿಲ್ಲ. ತಾನೂ ಕುಂಟುತ್ತಿರುವ ಇನ್ನೊಬ್ಬ ಬಳಿಬಂದು ಬೆನ್ನ ಚೀಲ ಬಿಚ್ಚಿ ಅವನಿಗೆ ಪಟ್ಟಿ ಕಟ್ಟುತ್ತಾನೆ. ಐದು ಸೆಕೆಂಡಿನ ಕೆಲಸ. ಅಷ್ಟು ಹೊತ್ತು ಬಂದೂಕು ಹಾರಿಸುವಂತಿಲ್ಲ, ಉಳಿದಿಬ್ಬರು ಬೆನ್ನು ತಿರುಗಿಸಿ ಕಾವಲು ನಿಲ್ಲುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಆ ಐದು ಸೆಕೆಂಡುಗಳಿಗಾಗಿಯೇ ನಾನು ಈ ಆಟವನ್ನು ಮೆಚ್ಚುತ್ತೇನೆ.

ಕೊನೆಗೆ ಸಿನಿಮಾದಂತೆ ಹೆಸರುಗಳು ಮೂಡಿಬರುತ್ತವೆ. ಯಾರು ಎಷ್ಟು ಕೊಂದರು, ಯಾರು ಯಾರನ್ನು ಕಾಪಾಡಿದರು ಎಂಬ ಲೆಕ್ಕವೂ ಬರುತ್ತದೆ. ನಮ್ಮಲ್ಲಿ ಮೊದಲು ಓದುವುದು ಕಾಪಾಡಿದವರ ಸಾಲನ್ನು.

ನಾಲ್ಕನೆಯವನು ಸಿಗದ ರಾತ್ರಿ ಅವನ ಪಾತ್ರವನ್ನು ಕಂಪ್ಯೂಟರೇ ಆಡುತ್ತದೆ. ಗುರಿ ಚೆನ್ನಾಗಿದೆ, ಬಿದ್ದವರನ್ನು ಎಬ್ಬಿಸುತ್ತದೆ, ಮಾತ್ರೆಯನ್ನೂ ಕೊಡುತ್ತದೆ. ಆದರೂ ಅಂಥ ರಾತ್ರಿ ಒಂದು ಅಧ್ಯಾಯ ಮುಗಿಯುವುದರೊಳಗೆ ಯಾರಾದರೊಬ್ಬರು, ‘ಅವನಿಗೊಂದು ಫೋನ್ ಮಾಡಿ ನೋಡ್ರೋ’ ಅಂದೇ ಅನ್ನುತ್ತಾರೆ.