ಗಾಂಜಾ ವಿವಾದದಲ್ಲಿ ಶಬ್ದಾರ್ಥವಿಚಾರ

ಗಾಂಜಾವನ್ನು ಶಾಸನಸಮ್ಮತಗೊಳಿಸಬೇಕೆನ್ನುವವರೂ ಕೂಡದೆನ್ನುವವರೂ, ನಮ್ಮ ಚಿಕ್ಕಜಾಲದ ಕಟ್ಟೆಯಲ್ಲಾಗಲಿ ಪತ್ರಿಕೆಗಳಲ್ಲಾಗಲಿ, ಶಬ್ದಾರ್ಥವನ್ನು ನಿಶ್ಚಯಿಸಿಕೊಳ್ಳದೆಯೇ ವಾದಕ್ಕಿಳಿಯುವರು. 1985ನೆಯ ಇಸವಿಯ ಮಾದಕದ್ರವ್ಯ ಶಾಸನದಲ್ಲಿ ಗಾಂಜಾ ಎಂದರೆ ಆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಯಿಂದ ಬೇರ್ಪಟ್ಟ ಎಲೆಬೀಜಗಳು ಆ ಲಕ್ಷಣಕ್ಕೆ ಸೇರವು. 29 ಕಿಲೋ ಭಂಗಿಯೂ 400 ಗ್ರಾಂ ಗಾಂಜಾವೂ ಸಿಕ್ಕಿದವೆಂಬ ಆರೋಪಕ್ಕೊಳಗಾದವನೊಬ್ಬನಿಗೆ 2022ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಜಾಮೀನು ಕೊಟ್ಟಾಗ ಈ ಭೇದವನ್ನೇ ಎತ್ತಿ ಹೇಳಿತು. 1 ಕಿಲೋವರೆಗಿನ ಗಾಂಜಾವನ್ನು ಇಟ್ಟುಕೊಂಡವನಿಗೂ 1 ವರ್ಷದವರೆಗೆ ಕಠಿಣ ಸಜೆ, ಇಲ್ಲವೆ ಜುಲ್ಮಾನೆ, ಅಥವಾ ಎರಡೂ ಉಂಟು. ಹೀಗಿರಲು ಎಲೆಯನ್ನೂ ಹೂವನ್ನೂ ಒಂದೇ ಹೆಸರಿನಿಂದ ಕರೆಯುವುದು ಕೇವಲ ಭಾಷಾದೋಷವಲ್ಲ. ಎಳೆಯನೊಬ್ಬನ ಬಾಳು ಆ ಹೆಸರನ್ನು ಅವಲಂಬಿಸಿರುವುದು. ಅಮಲು ಶ್ಲಾಘ್ಯವೆಂದು ನಾವು ಹೇಳೆವು. ಆದರೆ ನಿಂದ್ಯವಾದುದೆಲ್ಲವೂ ದಂಡ್ಯವೇ ಎಂಬುದು ಬೇರೆಯೇ ಪ್ರಶ್ನೆಯು. ವಾದಿಗಳಿಬ್ಬರೂ ಮೊದಲು ಅದಕ್ಕೆ ಉತ್ತರ ಕೊಡಲಿ.