ಆ ಸೊನ್ನೆ ಯಾಕಿದೆ ಎಂದು ಕೇಳಿ

ನೆಟ್‌ವರ್ಕಿಗೆ ಬರುವವರನ್ನು ಪರಿಶೀಲಿಸಿ ಅವರ ಬಳಕೆಯ ಲೆಕ್ಕ ಇಡುವ ಫ್ರೀರೇಡಿಯಸ್ ಸರ್ವರಿನ ಕಾನ್ಫಿಗರೇಶನ್ ಕಡತದಲ್ಲಿ ಕೂಡು-ಕಳೆ ಲೆಕ್ಕದ ಸಾಲೊಂದು ಕಂಡರೆ ಅದನ್ನು ಎಡದಿಂದ ಬಲಕ್ಕೆ ಓದಲು ಹೋಗಬೇಡಿ. ತೀರಾ ಒಳಗಿನ ಕರ್ಲಿ ಬ್ರಾಕೆಟ್ಟಿನಿಂದ ಶುರುಮಾಡಿ. ಸರ್ವರ್ ಕೂಡ ಹಾಗೆಯೇ ನಡೆಯುತ್ತದೆ: ಮೊದಲು ಗುಣನಾಮಗಳ (ಆಟ್ರಿಬ್ಯೂಟ್‌ಗಳ) ಜಾಗದಲ್ಲಿ ಅವುಗಳ ಬೆಲೆ ತುಂಬುತ್ತದೆ, ಗಣಿತ ಆಮೇಲೆ.

ಈ ಬಗೆಯ ಸಾಲುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಗ್ರಾಹಕ ಬಳಸಿದ ಡೇಟಾವನ್ನು ಲೆಕ್ಕ ಹಾಕುವ ಸಾಲು. ಬೈಟುಗಳನ್ನು ಎಣಿಸುವ ಅಕೌಂಟ್-ಇನ್‌ಪುಟ್-ಆಕ್ಟೆಟ್ಸ್‌ಗೆ ಇರುವುದು 32 ಬಿಟ್ ಮಾತ್ರ. ಎಣಿಕೆ 4,29,49,67,296 ತಲುಪಿತೆಂದರೆ ಮತ್ತೆ ಸೊನ್ನೆಗೆ ಮರಳುತ್ತದೆ. ಎಷ್ಟು ಸಲ ಹೀಗೆ ಮರಳಿತೆಂದು ಹೇಳಲು 2000ದ ಆರ್‌ಎಫ್‌ಸಿ 2869 ಗಿಗಾವರ್ಡ್ಸ್ ಎಂಬ ಇನ್ನೊಂದು ಗುಣನಾಮ ಕೊಟ್ಟಿತು. ಗಿಗಾವರ್ಡ್ಸನ್ನು ಆ ದೊಡ್ಡ ಸಂಖ್ಯೆಯಿಂದ ಗುಣಿಸಿ ಆಕ್ಟೆಟ್ಸ್ ಕೂಡಿಸಿದರೆ ನಿಜವಾದ ಎಣಿಕೆ ಸಿಗುತ್ತದೆ. ಸರ್ವರಿನ ಜೊತೆಗೇ ಬರುವ ಎಸ್‌ಕ್ಯೂಎಲ್ ಕ್ವೆರಿಗಳಲ್ಲಿ ಇದೇ ಕೆಲಸವನ್ನು 32 ಬಿಟ್ ಎಡಕ್ಕೆ ಸರಿಸಿ ಮಾಡಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಖುಷಿಯಾಗುತ್ತದೆ.

ಆದರೆ ರಸ ಇರುವುದು ಗಿಗಾವರ್ಡ್ಸ್ ಹೆಸರಿನ ಬೆನ್ನಿಗೇ ಕೊಲನ್, ಕಳೆಯುವ ಚಿಹ್ನೆ ಹಾಕಿ ಬರೆದ ಆ ಸೊನ್ನೆಯಲ್ಲಿ. ಕಡಿಮೆ ಬಳಸಿದವರ ವಿಷಯದಲ್ಲಿ, ಸರ್ವರಿಗೆ ಎಣಿಕೆ ಕಳಿಸುವ ಉಪಕರಣ ಗಿಗಾವರ್ಡ್ಸ್ ಕಳಿಸದೆಯೂ ಇರಬಹುದು. ಸೊನ್ನೆ ಇಲ್ಲದಿದ್ದರೆ ಆಗ ಆ ಜಾಗ ಖಾಲಿ ಉಳಿದು ಲೆಕ್ಕವೇ ಕೆಡುತ್ತದೆ. ಬರೆದವರು ಬಾರದ ಉತ್ತರವನ್ನೂ ಮೊದಲೇ ಎಣಿಸಿದ್ದಾರೆ. ಒಳ್ಳೆಯ ಸಾಲನ್ನು ನಾನು ಗುರುತಿಸುವುದು ಇದರಿಂದಲೇ.

ಭಾಗಾಕಾರದಲ್ಲಿ ಒಂದೇ ಎಚ್ಚರ: ಇಲ್ಲಿ ಪೂರ್ಣಾಂಕಗಳಷ್ಟೇ. 7ನ್ನು 2ರಿಂದ ಭಾಗಿಸಿದರೆ 3. ಆದ್ದರಿಂದ ತಿಳಿದವರು ಮೊದಲು ಗುಣಿಸಿ, ಕೊನೆಗೆ ಭಾಗಿಸುತ್ತಾರೆ.

ಇನ್ನು ಒಂದು ಸಂಪರ್ಕ ಎಷ್ಟು ಹೊತ್ತು ಇರಬಹುದೆಂದು ಹೇಳುವ ಸೆಷನ್-ಟೈಮ್‌ಔಟ್. ಎಲ್ಲರಿಗೂ ನೇರವಾಗಿ 3600 ಸೆಕೆಂಡು ಕೊಡುವ ಬದಲು, 3600ಕ್ಕೆ 600ರೊಳಗಿನ ಯಾವುದೋ ಒಂದು ಸಂಖ್ಯೆಯನ್ನು ರ‍್ಯಾಂಡ್‌ನಿಂದ ಪಡೆದು ಕೂಡಿಸಿರುವುದನ್ನು ಕಂಡರೆ ತುಸು ನಿಲ್ಲಿ. ಕರೆಂಟು ಹೋಗಿ ಬಂದಾಗ ಸಾವಿರಾರು ಮಂದಿ ಒಟ್ಟಿಗೇ ಒಳಗೆ ಬಂದಿರುತ್ತಾರೆ. ಗಂಟೆಯ ನಂತರ ಅವರೆಲ್ಲ ಮತ್ತೆ ಒಂದೇ ಕ್ಷಣದಲ್ಲಿ ಸರ್ವರಿನ ಬಾಗಿಲು ಬಡಿಯದಂತೆ ಆ ಚಿಕ್ಕ ಸಂಕಲನ ಚದುರಿಸುತ್ತದೆ.

ಉಳಿದ ಸಮಯವನ್ನು ವ್ಯವಕಲನದಿಂದ ತೆಗೆಯುವ ಸಾಲಾದರೆ ಅದರ ಮೇಲಿನ ಸಾಲನ್ನೂ ಓದಿ. ಸೆಷನ್-ಟೈಮ್‌ಔಟ್‌ನಲ್ಲಿ ಋಣ ಸಂಖ್ಯೆಗೆ ಜಾಗವಿಲ್ಲ. ಬಳಸಿದ್ದು ಮಿತಿ ಮೀರಿದೆಯೇ ಎಂಬ ಪರೀಕ್ಷೆ ಕಳೆಯುವುದಕ್ಕೂ ಮುಂಚೆ ಅಲ್ಲಿರಬೇಕು.